ಜಿನ್ನಿನ ಓಣಿಯ ಬಾವಿ

ವಡೋದರಾ
10 ಜೂನ್ 2024

ಅಥಣಿಯ ಹಳೇ ಜಿನ್ನಿನ ಓಣಿಯ ನಿವಾಸಿಗಳಿಗೆ,

ಮಾನ್ಯರೇ,

ನಿಮ್ಮ ಓಣಿಯ ಮನೆಗಳ ಕೆಳಗೆ, ಸುಮಾರು ಎರಡು ಕಿಲೋಮೀಟರ್ ಆಳದಲ್ಲಿ, ಖನಿಜ ತೈಲವಿರುವ ಕಲ್ಲಿನ ಪದರ ಇದೆಯೆಂದು ನಮ್ಮ ಕಂಪನಿಯ ಸಮೀಕ್ಷೆಯಲ್ಲಿ ಕಂಡುಬಂದಿದೆ. ಅದನ್ನು ತೆಗೆಯಲು ಯಾರ ಮನೆಯನ್ನೂ ಕೆಡವುವುದಿಲ್ಲ. ಕೊರೆಯುವ ಯಂತ್ರವು ಓಣಿಯ ತುದಿಯಲ್ಲಿ ಮುಚ್ಚಿಹೋಗಿರುವ ಜಿನ್ನಿನ, ಅಂದರೆ ಹತ್ತಿ ಬಿಡಿಸುವ ಕಾರ್ಖಾನೆಯ, ಬಯಲಿನಲ್ಲಿ ನಿಲ್ಲುತ್ತದೆ. ಕೊಳವೆ ಅಲ್ಲಿಂದ ನೇರವಾಗಿ ಇಳಿದು, ಆಳದಲ್ಲಿ ಬಾಗಿ, ಮನೆಗಳ ತಳದತ್ತ ಸಾಗುತ್ತದೆ.

ಪ್ರತಿಯೊಂದು ಮನೆಯವರೂ ತಮ್ಮ ಗೋಡೆಗಳ ಸ್ಥಿತಿ, ಬೋರ್‌ವೆಲ್ ಮತ್ತು ಬಾವಿಗಳ ವಿವರವನ್ನು, ಅವು ಮುಚ್ಚಿದ್ದರೂ ಸರಿ, ಲಿಖಿತವಾಗಿ ತಿಳಿಸಬೇಕು. ಆಕ್ಷೇಪಣೆಗಳನ್ನೂ ಬರೆದೇ ಕಳಿಸಬೇಕು.

ತಮ್ಮ ವಿಶ್ವಾಸಿ,
ಶ್ರೇಣಿಕ ತವನಪ್ಪ ಮಗದುಮ್ಮ
ಜನಸಂಪರ್ಕ ಅಧಿಕಾರಿ


ಅಥಣಿ
24 ಜೂನ್ 2024

ಅಧಿಕಾರಿ ಸಾಹೇಬರಿಗೆ ನಮಸ್ಕಾರ.

ನಾನು ಜಿನ್ನಿನ ಓಣಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಸಕ್ಕುಬಾಯಿ. ನಿಮ್ಮ ಕಾಗದ ಬಂದ ದಿನ ಓಣಿಯೆಲ್ಲ ಗಿರಣಿಗೆ ಬಂದು ಕೂತಿತ್ತು. ಜೋಳ ತಂದವರು ಜೋಳ ಮರೆತರು. ನನ್ನ ಮಗ ಭರತ ಎದ್ದು ನಿಂತು, "ಮ್ಯಾಲ ಮಂದಿ ಮಲಗ್ಯಾರ, ಕೆಳಗ ಇವ್ರು ಕೊರಿತಾರಂತ! ಒಬ್ರೂ ಸಹಿ ಮಾಡಬ್ಯಾಡ್ರಿ" ಅಂದ. ಕಡೆಗೆ ಎಲ್ಲರೂ ಸೇರಿ, ಅಕ್ಷರ ದುಂಡಗೆ ಬರುತ್ತದೆ ಎಂದು ನನ್ನ ಕೈಗೇ ಪೆನ್ನು ಕೊಟ್ಟರು.

ಕೇಳುವುದು ಇಷ್ಟು. ನನ್ನ ಗಿರಣಿ ತಿರುಗಿದರೆ ಪಕ್ಕದ ಮನೆಯ ಗೋಡೆಯ ಮಾಡದಲ್ಲಿಟ್ಟ ಡಬ್ಬಿಗಳು ನಡುಗುತ್ತವೆ. ನಿಮ್ಮ ಯಂತ್ರ ತಿರುಗಿದರೆ ಮಣ್ಣಿನ ಗೋಡೆಗಳ ಗತಿ ಏನು? ಎಣ್ಣೆ ತೆಗೆದ ಮೇಲೆ ಕೆಳಗೆ ಪೊಳ್ಳಾಗಿ ನಾವೆಲ್ಲ ಒಳಗೆ ಇಳಿಯುತ್ತೇವೆಯೇ? ಲಾರಿಗಳು ಯಾವ ಕಡೆಯಿಂದ ಬರುತ್ತವೆ? ಓಣಿಯಲ್ಲಿ ಎರಡು ಎಮ್ಮೆ ಎದುರುಬದುರಾದರೆ ಒಂದು ಹಿಂದೆ ಸರಿಯಬೇಕು.

ಇನ್ನೊಂದು ಮಾತು, ತಪ್ಪಿದ್ದರೆ ಕ್ಷಮಿಸಬೇಕು. ಸಹಿ ನೋಡಿದೆ. ಜಿನ್ನಿನಲ್ಲಿ ಕಾಟಾ ಕಾರಕೂನರಾಗಿ ಹತ್ತಿ ತೂಗುತ್ತಿದ್ದ ತವನಪ್ಪ ಮಗದುಮ್ಮರ ಮಗ ಏನು ನೀನು? ತ್ರಿಶಲಾಬಾಯಿಯ ಶ್ರೇಣಿಕ? ನಮ್ಮ ಭರತನ ಜೊತೆ ಏಳನೇ ಇಯತ್ತೆಯವರೆಗೆ ಓದಿದವ?

ಹೌದಾದರೆ ಬರೆ. ಅಲ್ಲವಾದರೆ ಮೇಲಿನ ಪ್ರಶ್ನೆಗಳಿಗಷ್ಟೇ ಉತ್ತರ ಕೊಡಿ.

ಸಕ್ಕುಬಾಯಿ


ವಡೋದರಾ
8 ಜುಲೈ 2024

ಪೂಜ್ಯ ಸಕ್ಕು ಮಾವಶಿಯವರಿಗೆ ಶ್ರೇಣಿಕ ಮಾಡುವ ನಮಸ್ಕಾರಗಳು.

ಹೌದು, ಅದೇ ಶ್ರೇಣಿಕ, ನಿಮ್ಮನ್ನು ಚಿಕ್ಕವ್ವನಂತೆ ಮಾವಶಿ ಎಂದು ಕರೆಯುತ್ತಿದ್ದವ. ನಿಮ್ಮ ಪತ್ರ ಓದಿ ಕಚೇರಿಯಲ್ಲಿ ಕೂರಲಾಗಲಿಲ್ಲ, ಮನೆಗೆ ತಂದು ಅವ್ವನಿಗೆ ಓದಿ ಹೇಳಿದೆ. "ಸಕ್ಕು ಇನ್ನೂ ಗಿರಣಿ ನಡಸಾಕತ್ತಾಳ?" ಎಂದು ಮೂರು ಸಲ ಕೇಳಿದಳು. ಜಿನ್ನು ಮುಚ್ಚಿದ ವರ್ಷ ಅಪ್ಪ ಗುಜರಾತಿನ ಜಿನ್ನಿಗೆ ಬಂದರು, ನಾವು ಇಲ್ಲಿಯವರೇ ಆದೆವು. ಅಪ್ಪ ತೀರಿಕೊಂಡು ಆರು ವರ್ಷ. ಅವ್ವನಿಗೆ ಮೊಣಕಾಲು ನೋವು ಬಿಟ್ಟರೆ ಗಟ್ಟಿಯಾಗಿದ್ದಾಳೆ.

ಮೊದಲು ನಿಮ್ಮ ಪ್ರಶ್ನೆಗಳು. ಕೆಳಗಿರುವ ಎಣ್ಣೆ ಕೆರೆಯ ಹಾಗೆ ನಿಂತದ್ದಲ್ಲ. ಶೇಂಗಾದಲ್ಲಿ ಎಣ್ಣೆ ಇರುವ ಹಾಗೆ ಕಲ್ಲಿನೊಳಗೇ ಇರುತ್ತದೆ. ತೆಗೆದ ಮೇಲೆ ಆ ಜಾಗಕ್ಕೆ ನೀರು ತಳ್ಳುತ್ತಾರೆ, ನೆಲ ಇಳಿಯುತ್ತಿಲ್ಲ ಎಂದು ನೋಡಲು ಓಣಿಯಲ್ಲಿ ಗುರುತಿನ ಕಲ್ಲು ನೆಡುತ್ತಾರೆ. ಲಾರಿಗಳು ವಿಜಯಪುರ ರಸ್ತೆಯ ಕಡೆಯ ಗೇಟಿನಿಂದ ಬರುತ್ತವೆ, ಓಣಿಗೆ ಬರುವುದಿಲ್ಲ. ಸದ್ದು ಮಾತ್ರ ಇರುತ್ತದೆ. ಕೆಲವು ತಿಂಗಳು ಹಗಲು ರಾತ್ರಿ ಕೊರೆಯುತ್ತಾರೆ. ಸುತ್ತ ಎತ್ತರದ ತಗಡಿನ ಗೋಡೆ ಕಟ್ಟಿದರೂ ಡೀಸೆಲ್ ವಾಸನೆ, ಸದ್ದು ತಪ್ಪುವುದಿಲ್ಲ. ಇದನ್ನು ನಾನು ಮುಚ್ಚಿಡುವುದಿಲ್ಲ.

ಇನ್ನು ನನ್ನ ಮಾತು. ನಕ್ಷೆಯ ಮೇಲೆ ಓಣಿ ಹೆಬ್ಬೆರಳಷ್ಟು ಕಾಣುತ್ತದೆ. ಅದರ ಮೇಲೆ ಬೆರಳಿಟ್ಟರೆ ಹತ್ತಿಯ ಗಾಡಿಗಳು ಸಾಲಾಗಿ ನಿಂತದ್ದು, ಗಾಳಿಯಲ್ಲಿ ಹಾರಿದ ಹತ್ತಿ ಎಲ್ಲರ ತಲೆಯ ಮೇಲೆ ಕೂತು ಸಣ್ಣ ಹುಡುಗರೂ ಮುದುಕರಾದದ್ದು ನೆನಪಾಗುತ್ತದೆ. ನಿಮ್ಮ ಹಿತ್ತಿಲ ಬಾವಿ ನೆನಪಾಗುತ್ತದೆ. ನಮ್ಮ ಜೈನ ಮುನಿಗಳು ಊರಿಗೆ ಬಂದಾಗ ಅವರ ಆಹಾರಕ್ಕೆ ಬಾವಿಯ ನೀರೇ ಆಗಬೇಕೆಂದು ಅವ್ವ ಒದ್ದೆ ಸೀರೆಯಲ್ಲಿ ನಿಮ್ಮ ಹಿತ್ತಿಲಿಗೆ ಬರುತ್ತಿದ್ದಳು. ನೀವು ಆ ದಿನ ಬೇರೆ ಯಾರಿಗೂ ಹಗ್ಗ ಮುಟ್ಟಲು ಬಿಡುತ್ತಿರಲಿಲ್ಲ. ಆ ನೀರಿನ ರುಚಿ ಇಲ್ಲಿ ಯಾವ ನಲ್ಲಿಯಲ್ಲೂ ಇಲ್ಲ.

ಮನೆಗಳ ವಿವರದ ಕಾಗದಗಳನ್ನು ದಯವಿಟ್ಟು ಕಳಿಸಿ. ಭರತನಿಗೆ ನನ್ನ ನೆನಪು ಹೇಳಿ. ಬೈಯುತ್ತಾನೆ, ಗೊತ್ತು.

ನಿಮ್ಮ ಶ್ರೇಣಿಕ


ಅಥಣಿ
2 ಆಗಸ್ಟ್ 2024

ಚಿರಂಜೀವಿ ಶ್ರೇಣಿಕನಿಗೆ ಸಕ್ಕು ಮಾವಶಿಯ ಆಶೀರ್ವಾದಗಳು.

ನಿನ್ನ ಪತ್ರವನ್ನು ಗಿರಣಿ ನಿಲ್ಲಿಸಿ ಓದಿದೆ. ಗಿರಾಕಿಗಳು ಕರೆಂಟು ಹೋಯಿತೆಂದು ತಿಳಿದರು. ತವನಪ್ಪ ಅಣ್ಣಾವರ ಸುದ್ದಿ ಕೇಳಿ ಬೇಸರವಾಯಿತು. ಕಾಟಾದ ಮುಂದೆ ನಿಂತರೆ ಯಾರ ಹತ್ತಿಗೂ ಒಂದು ಎಳೆ ಹೆಚ್ಚು ಕಡಿಮೆ ಮಾಡದ ಮನುಷ್ಯ. ಭರತನ ಅಪ್ಪನೂ ಇಲ್ಲ ಈಗ. ಗಿರಣಿಯನ್ನು ನಾನು, ಭರತ ನಡೆಸುತ್ತೇವೆ. ಹಳೆಯದು ಸಣ್ಣದಿತ್ತು, ಹಿಂದಕ್ಕೆ ಬೆಳೆಸಿ ಕಾರ ಕುಟ್ಟುವ ಮಿಷನ್ನನ್ನೂ ಹಾಕಿದ್ದೇವೆ. ನೀನಿದ್ದಾಗಿನ ಹಿತ್ತಿಲು ಈಗ ಇಲ್ಲ.

ತ್ರಿಶಲಾಬಾಯಿಗೆ ಹೇಳು, ನಾನು ಈಗಲೂ ಶ್ರಾವಣದಲ್ಲಿ ಅವಳಿಗೆಂದು ಹೊಸ ಜೋಳದ ಹಿಟ್ಟು ಬೇರೆ ತೆಗೆದಿಡುವ ಚಟ ಬಿಟ್ಟಿಲ್ಲ, ಆಮೇಲೆ ನೆನಪಾಗಿ ನಗುತ್ತೇನೆ.

ಲಾರಿ ಓಣಿಗೆ ಬರುವುದಿಲ್ಲ ಎಂದದ್ದಕ್ಕೆ ಅರ್ಧ ಮಂದಿ ತಣ್ಣಗಾದರು. ಭರತ ಆಗಿಲ್ಲ. "ಸಿಹಿ ಮಾತಾಡ್ಯಾನ, ಅಷ್ಟ" ಅನ್ನುತ್ತಾನೆ. ಎಲ್ಲರ ಕಾಗದ ಇಟ್ಟಿದ್ದೇನೆ. ನಮ್ಮ ಮನೆಯದೂ ಇದೆ: ಗೋಡೆ ಇಟ್ಟಂಗಿಯದು, ಬೋರ್ ಇಲ್ಲ, ಬಾವಿ ಇಲ್ಲ.

ಮಾವಶಿ


ವಡೋದರಾ
20 ಆಗಸ್ಟ್ 2024

ಪೂಜ್ಯ ಮಾವಶಿ,

ಕಾಗದಗಳು ತಲುಪಿದವು. ಜೋಳದ ಹಿಟ್ಟಿನ ಮಾತು ಓದಿದಾಗ ಅವ್ವ ಎದ್ದು ಅಡುಗೆ ಮನೆಗೆ ಹೋಗಿಬಿಟ್ಟಳು.

ಒಂದು ಅನುಮಾನ. ನಿಮ್ಮ ಮನೆಯ ಕಾಗದದಲ್ಲಿ ಬಾವಿ ಇಲ್ಲ ಎಂದಿದೆ. ಅವಸರದಲ್ಲಿ ಬಿಟ್ಟಿರಬೇಕು ಎಂದುಕೊಂಡೆ. ಯಾಕೆ ಕೇಳುತ್ತೇನೆಂದರೆ, ಕೊರೆಯುವಾಗ ಕೊಳವೆಯ ಒಳಗೆ ಒತ್ತಡದಿಂದ ಕೆಸರು ಬಿಡುತ್ತಾರೆ. ಮೇಲಿನ ಕಲ್ಲಿನಲ್ಲಿ ಸೀಳುಗಳಿದ್ದರೆ ಕೆಸರು ದಾರಿ ತಪ್ಪುತ್ತದೆ, ಹತ್ತಿರದಲ್ಲಿ ಖಾಲಿ ಬಾವಿ ಇದ್ದರೆ ಅಲ್ಲಿ ಉಕ್ಕುತ್ತದೆ. ಬಾವಿಯ ಮೇಲೆ ನೆಲ ಹಾಕಿದ್ದರೆ ಆ ನೆಲ ಕುಸಿಯಬಹುದು. ಅದರ ಮೇಲೆ ಮನುಷ್ಯರು ನಿಂತಿರುತ್ತಾರೆ. ಜಿನ್ನಿನ ಬಯಲಿಗೆ ನಿಮ್ಮ ಮನೆಯೇ ಎಲ್ಲಕ್ಕಿಂತ ಹತ್ತಿರ.

ಬಾವಿ ಏನಾಯಿತು? ಬರೆಯಿರಿ.

ಶ್ರೇಣಿಕ


ಅಥಣಿ
9 ಸೆಪ್ಟೆಂಬರ್ 2024

ಚಿ. ಶ್ರೇಣಿಕನಿಗೆ ಆಶೀರ್ವಾದ.

ಬಾವಿ ಇತ್ತು. ಗಿರಣಿ ಬೆಳೆಸುವಾಗ ಮಣ್ಣು ಹಾಕಿ ತುಂಬಿಸಿ ಎಷ್ಟೋ ವರ್ಷವಾಯಿತು. ಈಗ ಅದು ನೆಲ, ಬಾವಿ ಅಲ್ಲ. ಅದಕ್ಕೇ ಇಲ್ಲ ಎಂದು ಬರೆದೆ. ಇದಕ್ಕೆ ಇಷ್ಟು ಚಿಂತೆ ಯಾಕೆ?

ಇಲ್ಲಿ ಮಳೆ ಚೆನ್ನಾಗಿದೆ. ಕೃಷ್ಣೆ ತುಂಬಿದ್ದಾಳೆ, ಕುಡಚಿಯ ಸೇತುವೆಯ ಮೇಲೆ ಮಂದಿ ನೀರು ನೋಡಲು ಹೋಗುತ್ತಿದ್ದಾರೆ. ನಿಮ್ಮ ಅವ್ವನಿಗೆ ಶೇಂಗಾ ಹೋಳಿಗೆ ಪಾರ್ಸಲ್ ಮಾಡಿದ್ದೇನೆ. ಮುರಿದಿದ್ದರೂ ತಿನ್ನಲು ಹೇಳು.

ಮಾವಶಿ


ವಡೋದರಾ
4 ನವೆಂಬರ್ 2024

ಪೂಜ್ಯ ಮಾವಶಿ,

ಉತ್ತರ ತಡವಾಯಿತು. ಬರೆದು ಬರೆದು ಹರಿದೆ.

ಹೋಳಿಗೆ ತಿಂದ ದಿನ ಅವ್ವನಿಗೆ ಹೇಳಿದೆ, ಸಕ್ಕು ಮಾವಶಿ ಬಾವಿಗೆ ಮಣ್ಣು ತುಂಬಿಸಿದ್ದಾಳಂತೆ ಎಂದು. ಅವ್ವ ಕೈಯಲ್ಲಿದ್ದ ತುಣುಕನ್ನು ತಟ್ಟೆಗೆ ಹಾಕಿ, "ಸಕ್ಕು? ಜೀವಂತ ನೀರಿಗೆ ಮಣ್ಣ ಹಾಕೂದು? ಆಗೂದಿಲ್ಲ ಬಿಡು" ಅಂದಳು. ಅಷ್ಟೇ ಅಂದಳು. ಆಮೇಲೆ ನಾನು ಎಷ್ಟು ಕೇಳಿದರೂ ಬೇರೆ ಮಾತಾಡಿದಳು.

ನಾನು ಕಚೇರಿಗೆ ವರದಿ ಕೊಟ್ಟಿದ್ದೇನೆ. ಗಿರಣಿಯ ನೆಲವನ್ನು ಪರೀಕ್ಷೆ ಮಾಡದೆ ಕೊರೆಯುವ ಕೆಲಸ ಆರಂಭಿಸಬಾರದು ಎಂದು ಬರೆದಿದ್ದೇನೆ. ಮುಂದಿನ ವಾರ ಒಬ್ಬರು ಯಂತ್ರ ತಂದು ನೆಲದ ಮೇಲೆ ಎಳೆದು ನೋಡುತ್ತಾರೆ. ಒಡೆಯುವುದಿಲ್ಲ, ಬರೀ ನೋಡುತ್ತಾರೆ. ನಿಮ್ಮ ಮಾತು ನಿಜವಾಗಿದ್ದರೆ ನಾನು ಬಂದು ಕಾಲಿಗೆ ಬೀಳುತ್ತೇನೆ.

ಶ್ರೇಣಿಕ


ಅಥಣಿ
21 ನವೆಂಬರ್ 2024

ಶ್ರೇಣಿಕ,

ಸಿಟ್ಟು ಬಂದರೆ ನನಗೆ ಶಾಲೆಯ ಕನ್ನಡ ಬರುವುದಿಲ್ಲ. ಬಾಯಿಗೆ ಬಂದಂತೆ ಬರೆಯುತ್ತೇನೆ.

ನಿಮ್ಮ ಮನಿಶ್ಯಾ ಬಂದಿದ್ದ. ಗಿರಣಿ ತುಂಬ ಮಂದಿ ಇದ್ದಾಗ ಬಂದ. ಆ ಡಬ್ಬಿ ಎಳಕೋತ ಹೋಗಿ, ಕಾರ ಕುಟ್ಟೂ ಮಿಷನ್ನಿನ ಹತ್ರ ನಿಂತ, "ಇಲ್ಲಿ ಪೊಳ್ಳ ಐತ್ರಿ" ಅಂದ. ಎಲ್ಲಾರೂ ನನ್ನ ಮಾರಿ ನೋಡಿದ್ರು. ಇಷ್ಟ ವರ್ಷ ಅವ್ರ ಹಿಟ್ಟ ಬೀಸಿದಾಕಿ ನಾ, ಒಂದ ದಿನ ಕಳ್ಳಿ ಆದ್ನಿ.

ಹೌದು, ಮಣ್ಣ ಹಾಕಿಲ್ಲ. ಮ್ಯಾಲ ಫರಸಿ ಕಲ್ಲ ಹಾಸಿ ಗಚ್ಚ ಮಾಡ್ಸೇನಿ. ಭರತನ ಅಪ್ಪ ಮಣ್ಣ ತರಿಸಿದ್ದ, ಎರಡ ಟ್ರ್ಯಾಕ್ಟರ್. ನಾ ಅಡ್ಡ ನಿಂತ್ನಿ. ಕೆಳಗ ನೀರ ಹೊಳಿಯಾಕತ್ತಿತ್ತು, ಅದರ ಮಾರಿ ಮ್ಯಾಲ ಹ್ಯಾಂಗ ಮಣ್ಣ ಒಗಿಯೂದು? ಹೇಳಿದ್ರ ನಿಮ್ಮ ಕಂಪನಿ ತುಂಬಸೂದು ಗೊತ್ತಿತ್ತು. ಗಿರಣಿ ಮುಚ್ಚಸೂದೂ ಗೊತ್ತಿತ್ತು. ಬಸ್ ಸ್ಟ್ಯಾಂಡಿನ ಹತ್ರ ಹೊಸ ಗಿರಣಿ ಆಗೇತಿ, ಒಮ್ಮೆ ಹೋದ ಗಿರಾಕಿ ಹೊಳ್ಳಿ ಬರತಾರೇನು?

ನೀರಿನ ರುಚಿ ನೆನಪೈತಿ ಅಂತ ಬರದಿ. ಆ ರುಚಿ ಹಿಡಕೊಂಡ ಬಂದು ಬಾವಿ ಹುಡಿಕಿದಿ. ಮಾವಶಿ ಮಾವಶಿ ಅಂತ ಕರದದ್ದು ಇದಕ್ಕೇನು?

ಇನ್ನ ಮ್ಯಾಲ ಏನಿದ್ರೂ ಭರತನ ಹೆಸರಿಗೆ ಬರಿ.

ಸಕ್ಕುಬಾಯಿ


ವಡೋದರಾ
15 ಜನವರಿ 2025

ಪೂಜ್ಯ ಮಾವಶಿ,

ನಿಮ್ಮ ಮಾತಿನಂತೆ ಭರತನಿಗೆ ಎರಡು ಪತ್ರ ಬರೆದೆ, ಉತ್ತರ ಬರಲಿಲ್ಲ. ಇದನ್ನು ನಿಮಗೇ ಬರೆಯುತ್ತಿದ್ದೇನೆ.

ಬಾವಿಯ ನೆನಪನ್ನು ನಾನು ಕೆಲಸಕ್ಕೆಂದು ತೆಗೆಯಲಿಲ್ಲ. ಅದು ಸುಮ್ಮನೆ ಬಂತು. ಬಂದ ಮೇಲೆ ಗೊತ್ತಿಲ್ಲದವನಂತೆ ಇರಲಾಗಲಿಲ್ಲ. ನಿಮ್ಮ ಮಾತು ನಂಬಿ ಸುಮ್ಮನಿದ್ದಿದ್ದರೆ ನಿಮ್ಮ ಮುಂದೆ ಒಳ್ಳೆಯವನಾಗಿ ಉಳಿಯುತ್ತಿದ್ದೆ. ಪರೀಕ್ಷೆಯ ವರದಿ ನೋಡಿದೆ ಮಾವಶಿ, ಕಾರದ ಮಿಷನ್ನಿನ ಮುಂದೆ ನೀವು ನಿಲ್ಲುವ ಜಾಗದ ಕೆಳಗೇ ಬಾವಿ ಇದೆ.

ನೆಲ ತೆಗೆದು, ಬಾವಿಯನ್ನು ಸಿಮೆಂಟಿನಿಂದ ತುಂಬಬೇಕೆಂದು ಆದೇಶವಾಗಿದೆ. ಕೆಲಸ ಮುಗಿಯುವವರೆಗೆ ಗಿರಣಿಗೆ ಓಣಿಯಲ್ಲೇ ಬೇರೆ ಜಾಗ, ಮತ್ತೆ ಹಳೆಯ ಜಾಗದಲ್ಲಿ ಹೊಸ ನೆಲ, ಇವೆರಡನ್ನೂ ಕಂಪನಿಯಿಂದ ಬರೆಸಿಕೊಂಡಿದ್ದೇನೆ. ತುಂಬುವ ಮುಂಚೆ ಬಾವಿಯನ್ನು ಎಂಟು ದಿನ ತೆರೆದಿಡಬೇಕು ಎಂದೂ ಕೇಳಿದೆ. ಯಾಕೆ ಎಂದರು. ಓಣಿಯವರು ನೋಡಬೇಕು ಎಂದೆ. ನಕ್ಕರು, ಆದರೆ ಒಪ್ಪಿದರು.

ಉತ್ತರ ಬರೆಯದಿದ್ದರೂ ನಡೆದೀತು.

ಶ್ರೇಣಿಕ


ವಡೋದರಾ
27 ಫೆಬ್ರುವರಿ 2025

ಮಾವಶಿ,

ಅವ್ವ ಮಾರ್ಚ್ 10ಕ್ಕೆ ಕುಡಚಿಗೆ ಬಂದು ಇಳಿಯುತ್ತಾಳೆ. ಒಬ್ಬಳೇ ಬೇಡ ಎಂದರೆ ಕೇಳಲಿಲ್ಲ. "ನಿನ್ನ ಜೋಡಿ ಹೋದ್ರ ಸಕ್ಕು ಬಾಗಲಾ ತಗಿಯೂದಿಲ್ಲ" ಅಂದಳು. ಮಿರಜದವರೆಗೆ ಒಂದು ರೈಲು, ಅಲ್ಲಿಂದ ಕುಡಚಿ. ಭರತನನ್ನು ಸ್ಟೇಷನ್ನಿಗೆ ಕಳಿಸಿದರೆ ಉಪಕಾರವಾಗುತ್ತದೆ. ಅವಳು ಮೆಟ್ಟಿಲು ಇಳಿಯುವಾಗ ಕೈ ಹಿಡಿಯಬೇಕು.

ಶ್ರೇಣಿಕ


ಅಥಣಿ
30 ಮಾರ್ಚ್ 2025

ಚಿ. ಶ್ರೇಣಿಕನಿಗೆ,

ಆಶೀರ್ವಾದ ಎಂದು ಬರೆಯಲೋ ಬೇಡವೋ ಎಂದು ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. ನಿಮ್ಮ ಅವ್ವ ನೋಡಿ, "ಬರಿ, ಅದಕ್ಕೇನ ರೊಕ್ಕ ಬೀಳೂದಿಲ್ಲ" ಅಂದಳು. ಬರೆದಿದ್ದೇನೆ ಎಂದು ತಿಳಿ.

ಭರತ ಕುಡಚಿಗೆ ಹೋಗಿ ಕರೆತಂದ. ದಾರಿಯುದ್ದಕ್ಕೂ ನಿನ್ನನ್ನು ಬೈದನಂತೆ, ಅವಳು ಹೂಂ ಹೂಂ ಎನ್ನುತ್ತ ಕೇಳಿದಳಂತೆ. ಮನೆ ಹತ್ತಿರ ಬಂದಾಗ, "ಮುಗೀತೇನಪಾ? ಈಗ ಗಾಡಿಯಿಂದ ನನ್ನ ಇಳಸು" ಅಂದಳಂತೆ. ನಾನೇ ಬಾಗಿಲು ತೆಗೆದೆ. ಕೂದಲು ಪೂರಾ ಬೆಳ್ಳಗಾಗಿದೆ. ಜಿನ್ನಿನ ಹತ್ತಿ ಈಗಷ್ಟೇ ತಲೆಯ ಮೇಲೆ ಕೂತಂತೆ ಕಂಡಳು.

ನೆಲ ಒಡೆಯುವ ದಿನ ಓಣಿಗೆ ಓಣಿಯೇ ಸೇರಿತ್ತು. ಕಾರದ ಮಿಷನ್ನನ್ನು ಮೊದಲೇ ಸರಿಸಿದ್ದರು. ಫರಸಿಯನ್ನು ಕಬ್ಬಿಣದ ಹಾರಿಗಳಿಂದ ಎತ್ತಿದಾಗ ಒಳಗಿನಿಂದ ತಂಪು ಗಾಳಿ ಬಂತು. ಕಂಪನಿಯ ಹುಡುಗ ಬ್ಯಾಟರಿಯ ಬೆಳಕು ಬಿಟ್ಟ. ಕೆಳಗೆ ನೀರು ಹಾಗೇ ಇತ್ತು. ಅಂಚಿನ ಕಲ್ಲಿನ ಮೇಲೆ ಹಗ್ಗ ತಿಕ್ಕಿದ ಗೆರೆಗಳೂ ಹಾಗೇ ಇದ್ದವು.

ಎಂಜಿನಿಯರರು ಅದರ ಗಾಳಿ, ನೀರು ಎಲ್ಲ ಆಗಲೇ, ಅಲ್ಲೇ ಪರೀಕ್ಷೆ ಮಾಡಿ, ನೀರು ಚೆನ್ನಾಗಿದೆ ಅಂದ ಮೇಲೆ ಓಣಿಯ ಹೆಂಗಸರು ಕೊಡ ತಂದರು. ಮನೆಮನೆಯಲ್ಲಿ ನಲ್ಲಿ ಇದೆ, ಆದರೂ ತಂದರು. ಹೊಸದಾಗಿ ಮದುವೆಯಾಗಿ ಬಂದವರಿಗೆ ಹಗ್ಗ ಸೇದಲು ಬರುವುದಿಲ್ಲ, ಕೊಡ ಗೋಡೆಗೆ ಬಡಿದು ಅರ್ಧ ನೀರು ಕೆಳಗೇ. ನಿಮ್ಮ ಅವ್ವ ಗಿರಣಿಯ ಕಟ್ಟೆಯ ಮೇಲೆ ಕೂತು, "ಹಂಗಲ್ಲ ತಂಗಿ, ಹಗ್ಗ ಬಿಡೂ ಮುಂದ ಜರಾ ತಡಿ" ಎಂದು ಕಲಿಸಿದಳು. ಎಂಟು ದಿನ ನಮ್ಮ ಗಿರಣಿಯಲ್ಲಿ ಹಿಟ್ಟಿನ ಬದಲು ನೀರಿನ ಗದ್ದಲ. ವಯಸ್ಸಾದವರು ಬಂದು, ಯಾರು ಯಾವಾಗ ಇದರಲ್ಲಿ ಚರಿಗೆ ಬೀಳಿಸಿದರು ಎಂದು ಜಗಳಾಡಿದರು. ನೀನು ಬೀಳಿಸಿದ್ದೂ ಮಾತಿಗೆ ಬಂತು. ನೀನೊಬ್ಬನೇ ಇರಲಿಲ್ಲ.

ಒಂಬತ್ತನೆಯ ದಿನ ಸಿಮೆಂಟಿನ ಗಾಡಿ ವಿಜಯಪುರ ರಸ್ತೆಯ ಗೇಟಿನಲ್ಲಿ ನಿಂತಿತು. ಉದ್ದದ ಪೈಪು ಎಳೆದು ತಂದರು. ನಾನು ಅರಿಸಿನ ಕುಂಕುಮ ಹಾಕಿ ಹಿಂದಕ್ಕೆ ಸರಿದೆ. ನೋಡಲಾರೆ ಅಂದುಕೊಂಡಿದ್ದೆ, ನೋಡಿದೆ. ನಿಮ್ಮ ಅವ್ವ ನನ್ನ ಕೈ ಬಿಡಲಿಲ್ಲ.

ಅವಳು ಇನ್ನೂ ಒಂದು ತಿಂಗಳು ಇರುತ್ತಾಳಂತೆ. ನಾನೇ ಕೇಳಿದೆ.

ಮಾವಶಿ


ಬಾಡಮೇರ್, ರಾಜಸ್ಥಾನ
12 ಸೆಪ್ಟೆಂಬರ್ 2025

ಪೂಜ್ಯ ಮಾವಶಿ,

ಊರಿನ ಹೆಸರು ನೋಡಿ ಆಶ್ಚರ್ಯವಾದೀತು. ಏಪ್ರಿಲ್‌ನಲ್ಲೇ ಇಲ್ಲಿಗೆ ಬಂದೆ. ಅಥಣಿಯ ಕೆಲಸದಿಂದ ನನ್ನನ್ನು ಬಿಡಿಸಿ ಎಂದು ನಾನೇ ಕೇಳಿಕೊಂಡಿದ್ದೆ. ಪರಿಚಯದವರ ಓಣಿಯಲ್ಲಿ ಇಂಥ ಕೆಲಸ ಮಾಡಬಾರದು ಎಂದು ಅರ್ಥವಾಗಲು ನನಗೆ ತಡವಾಯಿತು. ಇಲ್ಲಿ ಸುತ್ತ ಮರಳು. ಯಾರ ಮನೆಯ ಕೆಳಗೂ ಹೋಗಬೇಕಾಗಿಲ್ಲ.

ಓಣಿಯ ಸುದ್ದಿ ಭರತ ಬರೆದ. ಅವನು ಬರೆದ ಮೊದಲ ಪತ್ರ! ಕೊರೆಯುವಾಗ ಜಿನ್ನಿನ ಹಳೆಯ ನೀರಿನ ತೊಟ್ಟಿಯಲ್ಲಿ ಬೂದು ಕೆಸರು ಉಕ್ಕಿತಂತೆ, ಎರಡು ದಿನ ಕೆಲಸ ನಿಲ್ಲಿಸಿದರಂತೆ. "ನಮ್ಮ ಗಿರಣಿ ಕೆಳಗ ಬಂದಿದ್ರ ಅವ್ವ ಅಲ್ಲೇ ನಿಂತಿರತಿದ್ಲು" ಎಂದು ಒಂದೇ ಸಾಲು ಬರೆದು ನಿಲ್ಲಿಸಿದ್ದಾನೆ. ಆ ಸಾಲನ್ನು ನಾನು ಮತ್ತೆ ಮತ್ತೆ ಓದಿದ್ದೇನೆ.

ನೀವು ಮಾರ್ಚಿನಲ್ಲಿ "ನೀನೊಬ್ಬನೇ ಇರಲಿಲ್ಲ" ಎಂದು ಬರೆದಿರಿ. ಅದು ನಿಜವಲ್ಲ ಮಾವಶಿ. ಬಾವಿ ತೆರೆದ ದಿನ ನಾನು ಅಥಣಿಯಲ್ಲಿದ್ದೆ. ಕೆಲಸದವರ ಜೊತೆ ಬೆಳಿಗ್ಗೆಯೇ ಬಂದಿದ್ದೆ. ಜಿನ್ನಿನ ಓಣಿ ಕಡೆಯ ಗೇಟಿನ ಹತ್ತಿರ, ತಗಡಿನ ಗೋಡೆಯ ಮಗ್ಗುಲಲ್ಲಿ ನಿಂತಿದ್ದೆ. ಹಗ್ಗ ಸೇದುವ ಸದ್ದು ಕೇಳಿಸುತ್ತಿತ್ತು, ಅವ್ವನ ದನಿಯೂ ಕೇಳಿಸಿತು. ಓಣಿಯೊಳಗೆ ಬರಲು ಹೆಜ್ಜೆ ಏಳಲಿಲ್ಲ. ಸಂಜೆ ಗಾಡಿ ಹತ್ತಿ ಹೋದೆ. ಅವ್ವನಿಗೂ ಇದನ್ನು ಹೇಳಿಲ್ಲ.

ಶ್ರೇಣಿಕ


ಅಥಣಿ
1 ಅಕ್ಟೋಬರ್ 2025

ಚಿ. ಶ್ರೇಣಿಕನಿಗೆ ಮಾವಶಿಯ ಅನೇಕ ಆಶೀರ್ವಾದಗಳು.

ಎಣ್ಣೆ ಬಂತು. ದೊಡ್ಡ ಯಂತ್ರ ಬಿಚ್ಚಿಕೊಂಡು ಹೋದರು. ಅದು ಇದ್ದಾಗ ಸದ್ದಿಗೆ ನಿದ್ದೆ ಇಲ್ಲವೆಂದು ಬೈದವರು ಈಗ ಓಣಿ ಬಿಕೋ ಅನ್ನುತ್ತದೆ ಎನ್ನುತ್ತಾರೆ. ಜಿನ್ನಿನ ಬಯಲಿನಲ್ಲಿ ಈಗ ಉಳಿದದ್ದು ಆಳೆತ್ತರದ ಒಂದು ಕಬ್ಬಿಣದ ಕಂಬ, ಅದಕ್ಕೆ ನಲ್ಲಿಯಂತೆ ತಿರುಗಿಸುವ ನಾಲ್ಕಾರು ಚಕ್ರ. ಟ್ಯಾಂಕರ್ ಬರುತ್ತದೆ, ಹೋಗುತ್ತದೆ. ನೋಡಲು ಬಂದವರು, "ಇಷ್ಟೇ ಏನ್ರಿ?" ಎಂದು ಮರಳುತ್ತಾರೆ. ನಮ್ಮ ಕೆಳಗೆ ಏನೋ ನಡೆದಿದೆ ಎಂದು ಯಾವ ಮನೆಗೂ ತಿಳಿಯುವುದಿಲ್ಲ. ಗಿರಣಿ ಹಳೆಯ ಜಾಗಕ್ಕೆ ಬಂದಿದೆ. ಕೆಲವು ಗಿರಾಕಿಗಳು ಬಂದರು, ಕೆಲವರು ಬರಲಿಲ್ಲ. ಹೊಸ ನೆಲ ಗಟ್ಟಿಯಾಗಿದೆ. ಅದರ ಮೇಲೆ ನಿಂತಾಗ ಮೊದಲಿನಂತೆ ಅಂಗಾಲಿಗೆ ತಂಪು ಹತ್ತುವುದಿಲ್ಲ. ಇಷ್ಟು ವರ್ಷ ಆ ತಂಪು ಯಾವುದೆಂದು ನನಗೊಬ್ಬಳಿಗೇ ಗೊತ್ತಿತ್ತು.

ನೀನು ಗೇಟಿನ ಹತ್ತಿರ ನಿಂತದ್ದನ್ನು ಆ ದಿನವೇ ನೋಡಿದ್ದೆ. ನೀನು ಬಿಳಿ ಟೊಪ್ಪಿಗೆ ಹಾಕಿದ್ದೆ, ತವನಪ್ಪ ಅಣ್ಣಾವರ ಹಾಗೇ ಒಂದು ಕಾಲ ಮೇಲೆ ಭಾರ ಹಾಕಿ ನಿಂತಿದ್ದೆ. ಕರೆಯಬಹುದಿತ್ತು. ಕರೆಯಲಿಲ್ಲ. ಬಂದರೆ ಅವನಾಗೇ ಬರಲಿ ಎಂದು ಹಟ. ಒಂದು ತಂಬಿಗೆ ನೀರು ಸೇದಿ, ಬಟ್ಟೆಯಲ್ಲಿ ಸೋಸಿ, ಮುಚ್ಚಿ ಕಟ್ಟೆಯ ಮೇಲೆ ಇಟ್ಟೆ. ಯಾರಿಗೆ ಎಂದು ಭರತ ಕೇಳಿದ. ಇರಲಿ ಬಿಡು ಅಂದೆ.

ಹೊತ್ತು ಇಳಿಯುವವರೆಗೂ ನೀನು ಬರಲಿಲ್ಲ. ಸೂರ್ಯ ಮುಳುಗಿದರೆ ನಿಮ್ಮ ಅವ್ವ ನೀರು ಮುಟ್ಟುವುದಿಲ್ಲ. ಅದಕ್ಕೇ ಇನ್ನೂ ಬೆಳಕಿರುವಾಗ ಗಿರಣಿಯ ಕಂಬ ಹಿಡಿದು ಎದ್ದಳು, ಕಟ್ಟೆಯ ತನಕ ತಾನೇ ನಡೆದಳು. ಗೇಟಿನ ಕಡೆ ನೋಡಿಕೊಂಡು ತಂಬಿಗೆಯನ್ನು ಪೂರಾ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಅವನ ಪಾಲು ನಾ ಕುಡದೆ ಸಕ್ಕು," ಅಂದಳು. "ಅಂವಗ ನಾಚಿಕಿ ಭಾಳ."

ನಿನ್ನ
ಸಕ್ಕು ಮಾವಶಿ